ಹೊಳೆಯ ಕಡೆಗೆ ಸೈಕಲ್ ಸವಾರಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಪಶ್ಚಿಮ ಬೆಂಗಳೂರಿನಿಂದ ಬಂದ ಪತ್ರಗಳೆಲ್ಲ ಒಂದೇ ದಿಕ್ಕನ್ನು ತೋರಿಸುತ್ತಿವೆ: ರಾಮೋಹಳ್ಳಿ, ಮಂಚನಬೆಲೆ, ತಾವರೆಕೆರೆ, ಸಾವನದುರ್ಗ. ಅರ್ಕಾವತಿ ಹೊಳೆ ಹರಿಯುವ ಈ ಸೀಮೆಯಲ್ಲಿ ನಾನು ಬಹಳ ವರ್ಷಗಳಿಂದ ಸೈಕಲ್ ತುಳಿಯುತ್ತಾ ಬಂದಿದ್ದೇನೆ. ಪತ್ರ ಬರೆದವರಿಗೆಲ್ಲ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನ ಬಹುತೇಕ ಉತ್ತರಗಳಲ್ಲಿ ಅದು ಮತ್ತೆ ಮತ್ತೆ ಬರುತ್ತದೆ. ಹೊಳೆ ಯಾವಾಗಲೂ ತಗ್ಗಿನಲ್ಲಿರುತ್ತದೆ, ನಮ್ಮ ಊರು ಎತ್ತರದಲ್ಲಿದೆ. ವಿಜಯನಗರದ ನೆಲಕ್ಕೆ ಹೋಲಿಸಿದರೆ ಮಂಚನಬೆಲೆಯ ಹೊಳೆಯ ಪಾತ್ರ ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಹಾಗಾಗಿ ಹೋಗುವಾಗ ಕಾಲಿಗೆ ಹಗುರ, ಬರುವಾಗ ಭಾರ. ಮೈಯಲ್ಲಿ ದಣಿವು, ತಲೆಯ ಮೇಲೆ ಬಿಸಿಲು, ಎದುರಿಗೆ ಏರು ಮೂರೂ ಸೇರುವುದು ವಾಪಸಾಗುವ ಹೊತ್ತಿನಲ್ಲೇ.

ಪ್ರಶ್ನೆ: ನನಗೆ 62 ವರ್ಷ, ನಿವೃತ್ತನಾಗಿದ್ದೇನೆ. ಮೂವತ್ತು ವರ್ಷಗಳ ಹಿಂದೆ ಕೆಲಸಕ್ಕೆ ಸೈಕಲ್ಲಿನಲ್ಲೇ ಹೋಗುತ್ತಿದ್ದೆ. ಈಗ ದೊಡ್ಡ ಆಲದ ಮರದವರೆಗೆ ಒಮ್ಮೆ ತುಳಿದುಕೊಂಡು ಹೋಗಿ ಬರುವ ಆಸೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ, ಎಡಮಂಡಿ ಆಗಾಗ ನೋಯುತ್ತದೆ. ಮನೆಯವರು ‘ಈ ವಯಸ್ಸಿನಲ್ಲಿ ಬೇಕಾ?’ ಅನ್ನುತ್ತಾರೆ. ನನ್ನಿಂದ ಆಗುತ್ತದೆಯೇ? (ಓದುಗರು, ರಾಜಾಜಿನಗರ)

ಉತ್ತರ: ಆಸೆ ಇದೆ, ಜೊತೆಗೆ ಮೈ ಕೈಕೊಟ್ಟೀತೆಂಬ ಅಳುಕೂ ಇದೆ. ಮನೆಯವರ ಮಾತು ಆ ಅಳುಕನ್ನು ಹೆಚ್ಚಿಸಿದೆ. ಚಿಂತೆ ಬೇಡ, ನಿಮ್ಮ ವಯಸ್ಸಿನ ಎಷ್ಟೋ ಜನ ಈ ದಾರಿಯಲ್ಲಿ ನನಗೆ ಎದುರಾಗುತ್ತಾರೆ. ಆಗುವ ಕೆಲಸವೇ. ಆದರೆ ರಾಜಾಜಿನಗರದಿಂದ ಆಲದ ಮರಕ್ಕೆ ಹೋಗಿಬರಲು ಐವತ್ತು ಕಿಲೋಮೀಟರಿನ ಆಸುಪಾಸು ಆಗುತ್ತದೆ. ಅದನ್ನು ಮೊದಲ ವಾರದಲ್ಲೇ ಮಾಡಬೇಡಿ, ಮೂರು ತಿಂಗಳ ಕೆಲಸ ಅಂದುಕೊಳ್ಳಿ.

ಮೊದಲು ನಿಮ್ಮ ವೈದ್ಯರನ್ನು ಕಾಣಿ. ಸಕ್ಕರೆ ಮಾತ್ರೆಗಳಲ್ಲಿ ಕೆಲವು, ಶ್ರಮದ ಹೊತ್ತಿನಲ್ಲಿ ಸಕ್ಕರೆಯನ್ನು ಬೇಕಾದ್ದಕ್ಕಿಂತ ಕೆಳಗೆ ಇಳಿಸಿಬಿಡುತ್ತವೆ. ಬೆವರು, ಕೈನಡುಕ, ಕಣ್ಣು ಮಂಜಾಗುವುದು ಅದರ ಸೂಚನೆ. ನಿಮ್ಮ ಮಾತ್ರೆ ಆ ಬಗೆಯದೇ, ಸವಾರಿಯ ದಿನ ಅದನ್ನು ಯಾವಾಗ ತೆಗೆದುಕೊಳ್ಳಬೇಕು ಎಂಬುದನ್ನು ಅವರೇ ಹೇಳಬೇಕು. ಜೇಬಿನಲ್ಲಿ ಸಕ್ಕರೆಯೋ ಗ್ಲೂಕೋಸ್ ಪುಡಿಯೋ ಯಾವಾಗಲೂ ಇರಲಿ. ಎದೆ ಬಿಗಿದರೆ, ಉಸಿರು ಸಾಲದಂತಾದರೆ ಅಲ್ಲೇ ಇಳಿದು ಕುಳಿತು ಸಹಾಯ ಕೇಳಿ. ‘ಇನ್ನೊಂದು ಸ್ವಲ್ಪ ದೂರ’ ಎಂದು ಮುಂದುವರಿಯಬೇಡಿ.

ಮಂಡಿನೋವಿಗೆ ಎಷ್ಟೋ ಸಲ ಸೀಟು ತಗ್ಗಾಗಿರುವುದೇ ಕಾರಣ. ಮೊದಲೆಲ್ಲ ನಾವು ಎರಡೂ ಕಾಲು ನೆಲಕ್ಕೆ ಎಟುಕುವಂತೆ ಸೀಟು ಇಟ್ಟುಕೊಳ್ಳುತ್ತಿದ್ದೆವು, ಆ ಅಭ್ಯಾಸ ಬಿಡಬೇಕು. ಪೆಡಲ್ ಪೂರ್ತಿ ಕೆಳಗಿರುವಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮಂಡಿ ತುಸು ಮಾತ್ರ ಬಾಗಿರುತ್ತದೆ. ಇನ್ನು ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ಸುತ್ತುತ್ತದೆ ಎಂಬ ಲೆಕ್ಕ) ಎಪ್ಪತ್ತರ ಆಸುಪಾಸಿನಲ್ಲಿರಲಿ. ಹಗುರ ಗೇರಿನಲ್ಲಿ ಬೇಗಬೇಗ ತುಳಿಯುವುದು ಮಂಡಿಗೆ ಒಳ್ಳೆಯದು, ಭಾರದ ಗೇರಿನಲ್ಲಿ ಒತ್ತಿ ಒತ್ತಿ ತುಳಿಯುವುದು ಕೆಟ್ಟದ್ದು. ಇಷ್ಟಾದರೂ ನೋವು ನಿಲ್ಲದಿದ್ದರೆ ಅದನ್ನು ಸಹಿಸಿಕೊಂಡು ತುಳಿಯಬೇಡಿ, ಮೂಳೆ ವೈದ್ಯರಿಗೆ ತೋರಿಸಿ.

ಮೊದಲ ತಿಂಗಳು ಜ್ಞಾನಭಾರತಿ ಆವರಣದ ಕಡೆ ಹೋಗಿ. ಸಾವಿರ ಎಕರೆಗೂ ಮಿಗಿಲಾದ ಜಾಗ, ಮರಗಳ ನೆರಳು ಇದೆ, ದಣಿದರೆ ಮನೆ ಹತ್ತಿರ. ಒಳಗೆ ಬಿಡುವ ಹೊತ್ತು ಯಾವುದೆಂದು ಗೇಟಿನಲ್ಲೇ ವಿಚಾರಿಸಿಕೊಳ್ಳಿ. ಎರಡನೆಯ ತಿಂಗಳು ಉಲ್ಲಾಳದ ಮೇಲೆ ಕೊಮ್ಮಘಟ್ಟದವರೆಗೆ ಹೋಗಿ. ಮೂರನೆಯ ತಿಂಗಳು ಅಲ್ಲಿಂದ ಮುಂದೆ ಸೂಲಿಕೆರೆ, ರಾಮೋಹಳ್ಳಿ, ಆಮೇಲೆ ಕೇತೋಹಳ್ಳಿಯ ಆಲದ ಮರ. ಸುಮಾರು ಮೂರು ಎಕರೆಯಲ್ಲಿ ಹಬ್ಬಿರುವ, ನಾನೂರು ವರ್ಷದ್ದೆಂದು ಹೇಳುವ ಮರ ಅದು. ಮೂಲ ಕಾಂಡ ರೋಗ ತಗುಲಿ ಹೋಗಿ ಬಹಳ ವರ್ಷಗಳಾದವು. ಈಗ ಮರವನ್ನು ಹೊತ್ತು ನಿಂತಿರುವುದು ಬಿಳಲುಗಳೇ. ಅಲ್ಲಿ ಅರ್ಧ ಗಂಟೆ ಕುಳಿತು, ಮಜ್ಜಿಗೆ ಕುಡಿದು ಹೊರಡಿ. ಕೋತಿಗಳಿವೆ, ಬಾಳೆಹಣ್ಣು ಚೀಲದೊಳಗೇ ಇರಲಿ.

ಮನೆಯವರನ್ನು ಒಮ್ಮೆ ಬಸ್ಸಿನಲ್ಲೋ ಕಾರಿನಲ್ಲೋ ಆಲದ ಮರಕ್ಕೆ ಬರಹೇಳಿ, ನೀವು ಸೈಕಲ್ಲಿನಲ್ಲಿ ಹೋಗಿ ಸೇರಿಕೊಳ್ಳಿ. ಕಣ್ಣಾರೆ ಕಂಡರೆ ಅವರ ಆತಂಕ ಅರ್ಧ ಇಳಿಯುತ್ತದೆ.

ಪ್ರಶ್ನೆ: ಮಗನಿಗೆ ಹದಿನಾರು ವರ್ಷ. ನಾಲ್ಕು ಜನ ಗೆಳೆಯರು ಸೇರಿ ಭಾನುವಾರ ಸೈಕಲ್ಲಿನಲ್ಲಿ ಮಂಚನಬೆಲೆ ಅಣೆಕಟ್ಟೆಗೆ ಹೋಗುತ್ತಾರಂತೆ. ಅಲ್ಲಿ ಹುಡುಗರು ಮುಳುಗಿ ತೀರಿಕೊಂಡ ಸುದ್ದಿಗಳನ್ನು ಓದಿದ್ದೇನೆ. ಬೇಡ ಅಂದರೆ ಮುನಿಸು, ಹೂಂ ಅಂದರೆ ನನಗೆ ನಿದ್ದೆ ಬರುವುದಿಲ್ಲ. ಏನು ಮಾಡಲಿ? (ಒಬ್ಬ ತಾಯಿ, ವಿಜಯನಗರ)

ಉತ್ತರ: ಅಮ್ಮಾ, ನಿಮ್ಮ ಭಯ ಸರಿಯಾದದ್ದೇ. ಅತಿಯಾಯಿತೇನೋ ಎಂದು ನಿಮ್ಮನ್ನು ನೀವೇ ಅನುಮಾನಿಸಬೇಡಿ. ಆದರೆ ಅದರಲ್ಲಿ ಎರಡು ಭಯಗಳು ಬೆರೆತಿವೆ: ನೀರಿನದೊಂದು, ರಸ್ತೆಯದೊಂದು. ಎರಡನ್ನೂ ಬಿಡಿಸಿಟ್ಟು ನೋಡೋಣ.

ನೀರಿನ ವಿಷಯದಲ್ಲಿ ರಾಜಿ ಬೇಡ. ದಡದಲ್ಲಿ ನಿಂತು ನೋಡಿದರೆ ಮಂಚನಬೆಲೆಯ ನೀರು ಅಲುಗದಂತೆ ಕಾಣುತ್ತದೆ. ಅದೇ ಮೋಸ. ಕೆಳಗೆ ಬಂಡೆಗಳಿವೆ. ಮೊಣಕಾಲುದ್ದದ ನೀರು ಎರಡು ಹೆಜ್ಜೆಗೆ ಆಳವಾಗುತ್ತದೆ, ಕೆಸರಿನಲ್ಲಿ ಕಾಲು ಹೂತುಕೊಳ್ಳುತ್ತದೆ. ಈಜು ಬಲ್ಲವರೂ ಅಲ್ಲಿ ಮುಳುಗಿದ್ದಾರೆ. ಈಜುಕೊಳದಲ್ಲಿ ಕಲಿತ ಈಜು ಇಲ್ಲಿ ಸಾಲದು. ಸುಡುವ ಬಿಸಿಲಿನಲ್ಲಿ ಎರಡು ಮೂರು ಗಂಟೆ ತುಳಿದು ಬಂದವನಿಗೆ ನೀರು ಕಂಡೊಡನೆ ಇಳಿಯಬೇಕೆನಿಸುತ್ತದೆ. ಅದು ಹುಡುಗಾಟವಲ್ಲ, ದಣಿದ ಮೈ ಕೇಳುವುದೇ ಹಾಗೆ. ಆದ್ದರಿಂದ ‘ನೀರಿಗೆ ಇಳಿಯಬಾರದು’ ಎಂಬ ನಿರ್ಧಾರ ಮನೆಯಲ್ಲಿ, ತಣ್ಣಗಿನ ಹೊತ್ತಿನಲ್ಲಿ ಆಗಬೇಕು. ನಾಲ್ಕೂ ಹುಡುಗರನ್ನು ಕೂರಿಸಿ ಕಾಫಿ ಕೊಟ್ಟು ಅವರ ಬಾಯಿಂದಲೇ ಹೇಳಿಸಿ. ಒಬ್ಬ ಜಾರಿದರೆ ಉಳಿದವರು ಹಿಂದೆ ಧುಮುಕಬಾರದು, ಕೂಗಿ ಜನ ಸೇರಿಸಬೇಕು, 112ಕ್ಕೆ ಕರೆ ಮಾಡಬೇಕು, ದಡದಿಂದಲೇ ಪಂಚೆಯೋ ಉದ್ದನೆಯ ಕೋಲೋ ಚಾಚಬೇಕು ಎಂಬುದನ್ನೂ ಹೇಳಿ. ಒಬ್ಬನನ್ನು ಎಳೆಯಹೋಗಿ ಇನ್ನೊಬ್ಬನೂ ಹೋಗುವುದು ಇಂಥ ದುರಂತಗಳಲ್ಲಿ ಮತ್ತೆ ಮತ್ತೆ ನಡೆಯುತ್ತದೆ.

ನನ್ನನ್ನು ಕೇಳಿದರೆ, ಮೊದಲ ಸವಾರಿಗೆ ಅಣೆಕಟ್ಟೆಯೇ ಬೇಡ. ಆಲದ ಮರದಿಂದ ಮಂಚನಬೆಲೆಯ ಕಡೆಗೆ ಹೊರಡುವ ರಸ್ತೆಯಲ್ಲಿ ಕೆಲವು ಕಿಲೋಮೀಟರ್ ಹೋದರೆ ಸಾಕು. ರಾಗಿ ಹೊಲ, ಮಾವಿನ ತೋಪು, ದೂರದಲ್ಲಿ ಸಾವನದುರ್ಗದ ಬಂಡೆ. ಹುಡುಗರಿಗೆ ಬೇಕಾದ ಊರಾಚೆಯ ಗಾಳಿ ಅಲ್ಲಿಯೇ ಸಿಗುತ್ತದೆ. ಎರಡು ಮೂರು ಸಲ ಹೀಗೆ ಹೋಗಿ ಬಂದ ಮೇಲೆ, ದೊಡ್ಡವರೊಬ್ಬರ ಜೊತೆ ಅಣೆಕಟ್ಟೆಯನ್ನು ರಸ್ತೆಯಿಂದ ನೋಡಿ ಬರಲಿ.

ಈಗ ರಸ್ತೆಯ ಮಾತು. ವಿಜಯನಗರದಿಂದ ಹೊರಡುವ ಹೊತ್ತೇ ಮುಖ್ಯ. ಐದೂವರೆಗೆ ಮನೆ ಬಿಟ್ಟರೆ ನಾಗರಭಾವಿ, ಮಲ್ಲತ್ತಹಳ್ಳಿ, ಉಲ್ಲಾಳ ದಾಟುವವರೆಗೆ ವಾಹನ ಕಡಿಮೆ. ಏಳೂವರೆಗೆ ಹೊರಟರೆ ಅದೇ ದಾರಿಯ ಗುರುತೇ ಸಿಗದು. ಕತ್ತಲಿರುವಾಗ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಬೇಕೇಬೇಕು. ಹೆಲ್ಮೆಟ್ಟಿನ ಪಟ್ಟಿ ಗದ್ದದ ಕೆಳಗೆ ಎರಡು ಬೆರಳಷ್ಟೇ ಸಡಿಲವಿರಲಿ. ಹುಡುಗರು ಅಕ್ಕಪಕ್ಕ ಮಾತಾಡಿಕೊಂಡು ಹೋಗದೆ ಒಬ್ಬರ ಹಿಂದೆ ಒಬ್ಬರು ಸಾಗಲಿ. ಎಲ್ಲರಿಗಿಂತ ನಿಧಾನದವನು ಮುಂದಿರಲಿ, ಆಗ ಯಾರೂ ಹಿಂದುಳಿಯುವುದಿಲ್ಲ.

ಹೊಳೆಯ ಕಡೆ ಇಳಿಯುವ ರಸ್ತೆಯಲ್ಲಿ ತಿರುವುಗಳಿವೆ. ವೇಗ ಸಿಕ್ಕ ಖುಷಿಯಲ್ಲಿ ಹುಡುಗರು ತಿರುವಿನೊಳಗೆ ಬ್ರೇಕು ಹಿಡಿಯುತ್ತಾರೆ, ಮರಳಿದ್ದರೆ ಸೈಕಲ್ ಜಾರುತ್ತದೆ. ತಿರುವಿಗೆ ಮೊದಲೇ ಎರಡೂ ಬ್ರೇಕನ್ನು ಹಿತವಾಗಿ ಒತ್ತಿ ವೇಗ ತಗ್ಗಿಸಬೇಕು. ಮುಂದಿನ ಬ್ರೇಕನ್ನು ಒಮ್ಮೆಲೇ ಗಟ್ಟಿಯಾಗಿ ಹಿಡಿದರೆ ಸೈಕಲ್ ಮಗುಚುತ್ತದೆ.

ಇನ್ನು ವಾಪಸು ಹೊರಡುವ ಗಡುವು. ಎಲ್ಲಿದ್ದರೂ ಒಂಬತ್ತಕ್ಕೆ ಹ್ಯಾಂಡಲ್ ಊರ ಕಡೆಗೆ ತಿರುಗಬೇಕು. ಒಮ್ಮೆ ಮಾರ್ಚ್ ತಿಂಗಳಲ್ಲಿ ತಡವಾಗಿ ಹೊರಟು, ಹನ್ನೆರಡರ ಬಿಸಿಲಿನಲ್ಲಿ, ಖಾಲಿ ಬಾಟಲಿಯೊಡನೆ ಆ ಏರನ್ನು ನಾನು ಹತ್ತಿದ್ದೇನೆ. ಅರ್ಧ ದಾರಿಯಲ್ಲಿ ತಲೆ ಸುತ್ತಿ ಹುಣಸೆಮರದ ಕೆಳಗೆ ಮಲಗಿದ್ದೆ. ದಾರಿಹೋಕರೊಬ್ಬರು ನೀರು ಕೊಟ್ಟರು. ಅಂದಿನಿಂದ ಗಂಟೆಗೆ ಅರ್ಧ ಲೀಟರಿಗೆ ಕಡಿಮೆಯಿಲ್ಲದಷ್ಟು ನೀರಿನ ಲೆಕ್ಕ ಹಾಕಿಯೇ ಹೊರಡುತ್ತೇನೆ. ಮಗನಿಗೂ ಎರಡು ಬಾಟಲಿ, ಚಿಟಿಕೆ ಉಪ್ಪು ಹಾಕಿದ ನಿಂಬೆ ಪಾನಕ, ನಾಲ್ಕು ಕಡಲೆಮಿಠಾಯಿ ಕಟ್ಟಿಕೊಡಿ. ‘ತಲುಪಿದೆವು’, ‘ಹೊರಟೆವು’ ಎಂದು ಎರಡು ಫೋನು ಮಾಡಲಿ. ಅದಕ್ಕಿಂತ ಹೆಚ್ಚು ಕೇಳಬೇಡಿ, ಇಲ್ಲದಿದ್ದರೆ ತುಳಿಯುತ್ತಲೇ ಫೋನು ಎತ್ತುತ್ತಾನೆ.

ಪ್ರಶ್ನೆ: ಕೆಂಗೇರಿಯಿಂದ ಮೈಸೂರು ರಸ್ತೆ ಹಿಡಿದು ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರುತ್ತಿದ್ದೆ. ಹೊಸ ಹೆದ್ದಾರಿ ಬಂದ ಮೇಲೆ ಸೈಕಲ್ ಬಿಡುತ್ತಾರೋ ಇಲ್ಲವೋ ತಿಳಿಯದು. ದಂಡ ಬಿದ್ದೀತೆಂಬ ಹೆದರಿಕೆ, ಲಾರಿಗಳದೂ ಹೆದರಿಕೆ. (ಓದುಗರು, ಕೆಂಗೇರಿ)

ಉತ್ತರ: ಗೊಂದಲ ಸಹಜ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ ಟ್ರ್ಯಾಕ್ಟರಿಗೂ ಎಂಜಿನ್ ಇಲ್ಲದ ಗಾಡಿಗಳಿಗೂ ಪ್ರವೇಶವಿಲ್ಲ. ಸೈಕಲ್ ಅದರಲ್ಲೇ ಸೇರಿತು. ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೋಗಬಹುದು.

ಆದರೆ ಅದು ನೆಮ್ಮದಿಯ ದಾರಿಯಲ್ಲ. ಬಸ್ಸು, ಟಿಪ್ಪರ್, ಎದುರಿನಿಂದ ನುಗ್ಗುವ ಬೈಕು ಎಲ್ಲವೂ ಅಲ್ಲೇ. ಕುಂಬಳಗೋಡಿನವರೆಗೆ ಅನಿವಾರ್ಯವಾಗಿ ಹೋಗಬೇಕಾದರೆ ರಸ್ತೆಯ ತೀರಾ ಅಂಚಿಗೆ ಅಂಟಿಕೊಳ್ಳಬೇಡಿ. ಅಲ್ಲಿ ಗಾಜಿನ ಚೂರು, ಜಲ್ಲಿ, ಚರಂಡಿ ಬಾಯಿ ಇರುತ್ತವೆ. ಅಂಚಿನಿಂದ ಒಂದು ತೋಳಿನಷ್ಟು ಬಿಟ್ಟು ನೇರವಾಗಿ ಸಾಗಿ. ನಿಂತ ಲಾರಿಯ ಎಡಗಡೆಯಿಂದ ಎಂದೂ ನುಸುಳಬೇಡಿ, ಚಾಲಕನಿಗೆ ನೀವು ಕಾಣುವುದೇ ಇಲ್ಲ.

ಕೆಂಗೇರಿಯವರಾದ ನಿಮಗೆ ಇನ್ನೂ ಒಳ್ಳೆಯ ದಾರಿಯಿದೆ: ಕೊಮ್ಮಘಟ್ಟ, ಸೂಲಿಕೆರೆ, ರಾಮೋಹಳ್ಳಿ. ಮೈಸೂರು ರಸ್ತೆಗೂ ಮಾಗಡಿ ರಸ್ತೆಗೂ ನಡುವೆ ನಾಡಪ್ರಭು ಕೆಂಪೇಗೌಡ ಬಡಾವಣೆ ಏಳುತ್ತಿರುವುದರಿಂದ ಅಲ್ಲಿ ಹಗಲಿನಲ್ಲಿ ಟಿಪ್ಪರ್ ಓಡಾಟವಿದೆ. ಭಾನುವಾರ ಬೆಳಗ್ಗೆ ಕಡಿಮೆ. ತಟ್ಟೆ ಇಡ್ಲಿಗೆ ಬೇರೆ ದಿನ ಬಸ್ಸಿನಲ್ಲಿ ಹೋಗಿ.

ಪ್ರಶ್ನೆ: ನನಗೆ 39 ವರ್ಷ. ಒಬ್ಬಳೇ ಸೈಕಲ್ ತುಳಿಯುವುದು ನನಗಿಷ್ಟ. ಆದರೆ ಊರು ದಾಟಿದ ಮೇಲೆ ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. ಅದಕ್ಕಿಂತ ಹೆಚ್ಚಾಗಿ, ನಿರ್ಜನ ರಸ್ತೆಯಲ್ಲಿ ಬೈಕಿನವರು ಹಿಂದೆ ಬಂದರೆ ಎದೆ ಢವಢವ ಅನ್ನುತ್ತದೆ. ಗುಂಪಿನಲ್ಲಿ ಹೋಗುವುದೊಂದೇ ದಾರಿಯೇ? (ಓದುಗರು, ಬಸವೇಶ್ವರನಗರ)

ಉತ್ತರ: ನಿಮಗೆ ಬೇಕಾದದ್ದು ಏಕಾಂತ, ಹೆದರಿಸುವುದು ನಿರ್ಜನತೆ. ಇವೆರಡೂ ಒಂದೇ ಅಲ್ಲ. ಅಡಚಣೆಯಿಲ್ಲದ, ಆದರೆ ಜನ ಕಣ್ಣಿಗೆ ಬೀಳುತ್ತಿರುವ ರಸ್ತೆಗಳಿವೆ. ಎದೆ ಢವಢವ ಅನ್ನುವುದು ಪುಕ್ಕಲುತನವೆಂದು ಭಾವಿಸಬೇಡಿ, ಅದು ಎಚ್ಚರ.

ನಮ್ಮ ಹಳ್ಳಿಗಳಲ್ಲಿ ಬೆಳಗ್ಗೆ ಆರರಿಂದ ಎಂಟರವರೆಗೆ ಹಾಲಿನ ಡೈರಿಯ ಹೊತ್ತು. ಕ್ಯಾನು ಹಿಡಿದ ಹೆಂಗಸರು ಗಂಡಸರು, ಶಾಲೆ ಬಸ್ಸಿಗೆ ಕಾಯುವ ಮಕ್ಕಳು, ಹೊಲಕ್ಕೆ ಹೊರಟವರು ರಸ್ತೆಯಲ್ಲಿರುತ್ತಾರೆ. ಆ ಎರಡು ಗಂಟೆಗಳಲ್ಲಿ ಹಳ್ಳಿಗಳನ್ನು ದಾಟುವಂತೆ ಲೆಕ್ಕ ಹಾಕಿ. ನಿಮಗೆ ಮಾಗಡಿ ರಸ್ತೆ ಹತ್ತಿರ: ಸುಂಕದಕಟ್ಟೆ, ಬ್ಯಾಡರಹಳ್ಳಿ, ಕಡಬಗೆರೆ ಕ್ರಾಸ್, ತಾವರೆಕೆರೆ. ಬ್ಯಾಡರಹಳ್ಳಿಯವರೆಗೆ ಗದ್ದಲ, ಮುಂದೆ ಹೋದಂತೆ ಉಸಿರು ಬಿಡಬಹುದು. ತಾವರೆಕೆರೆಯಲ್ಲಿ ಒಂದೇ ಹೋಟೆಲು, ಒಂದೇ ಎಳನೀರಿನವರನ್ನು ಗೊತ್ತು ಮಾಡಿಕೊಳ್ಳಿ. ನಾಲ್ಕು ಭಾನುವಾರ ಕಳೆದರೆ ‘ಯಾಕಮ್ಮಾ, ಹೋದ ವಾರ ಬರಲಿಲ್ಲ?’ ಎಂದು ಕೇಳುತ್ತಾರೆ. ಆ ಪರಿಚಯ ದೊಡ್ಡ ಕಾವಲು. ಮೊದಲ ಸಲ ಹೊಸ ದಾರಿಗೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಿ, ದಾರಿ ತಿಳಿದ ಮೇಲೆ ಒಬ್ಬರೇ ಹೋಗಬಹುದು.

ಬೈಕಿನವರು ಬೆನ್ನು ಹತ್ತಿದ್ದಾರೆಂದು ಅನ್ನಿಸಿದರೆ ಮುಂದಿನ ಖಾಲಿ ರಸ್ತೆಗೆ ಹೋಗಬೇಡಿ. ಹತ್ತಿರದ ಮನೆಯ, ಅಂಗಡಿಯ ಮುಂದೆ ಇಳಿದು ನೀರು ಕೇಳಿ, ವಿಷಯ ಹೇಳಿ. ಸಂಕೋಚ ಬೇಡ. 112 ಫೋನಿನಲ್ಲಿ ಮೊದಲೇ ಹಾಕಿಟ್ಟಿರಲಿ. ನೀವು ಎಲ್ಲಿದ್ದೀರೆಂಬ ಗುರುತು ಮನೆಯವರೊಬ್ಬರಿಗೆ ಮಾತ್ರ ತಿಳಿಯುತ್ತಿರಲಿ, ಊರಿಗೆಲ್ಲ ಅಲ್ಲ.

ನಾಯಿಗಳಿಗೆ ಓಡುವುದನ್ನು ಅಟ್ಟುವ ಹುಟ್ಟುಗುಣ. ವೇಗ ಹೆಚ್ಚಿಸಿದಷ್ಟೂ ಅಟ್ಟುತ್ತವೆ. ನಿಧಾನ ಮಾಡಿ, ಇಳಿದು, ನಿಮಗೂ ನಾಯಿಗೂ ನಡುವೆ ಸೈಕಲ್ ಇರುವಂತೆ ಹಿಡಿದು ‘ಹೋಗು’ ಎಂದು ಗಟ್ಟಿಯಾಗಿ ಗದರಿಸಿ ನಡೆಯಿರಿ. ಅದರ ಬೀದಿ ಮುಗಿದೊಡನೆ ಅದೇ ನಿಲ್ಲುತ್ತದೆ. ಒದೆಯಲು ಹೋಗಬೇಡಿ, ಬೀಳುತ್ತೀರಿ. ಕಚ್ಚಿದರೆ, ಸಣ್ಣ ತರಚು ಗಾಯವಾದರೂ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ ರೇಬೀಸ್ (ಹುಚ್ಚುನಾಯಿ ರೋಗ) ಲಸಿಕೆ ಹಾಕಿಸಿ. ಅರಿಸಿನ, ಸುಣ್ಣ ಹಚ್ಚಬೇಡಿ. ಲಸಿಕೆಯ ಎಲ್ಲ ಸುತ್ತುಗಳನ್ನೂ ತಪ್ಪದೆ ಮುಗಿಸಿ.

ಪ್ರಶ್ನೆ: ಸಾವನದುರ್ಗದ ಕಾಡಿನ ರಸ್ತೆಯಲ್ಲಿ ಚಿರತೆ, ಕರಡಿ, ಆನೆ ಇವೆಯಂತೆ. ಸೈಕಲ್ಲಿನಲ್ಲಿ ಹೋಗುವುದು ಹುಚ್ಚು ಸಾಹಸವೇ? (ಓದುಗರು, ವಿಜಯನಗರ)

ಉತ್ತರ: ಇರುವುದು ನಿಜ. ಇಲ್ಲವೆಂದು ಹೇಳಿ ನಿಮಗೆ ಧೈರ್ಯ ತುಂಬಲಾರೆ. ಆದರೆ ಹೊತ್ತು ನೋಡಿ ಹೋದರೆ ಹುಚ್ಚು ಸಾಹಸವಲ್ಲ. ಚಿರತೆಗಾಗಿ ಸಾವನದುರ್ಗದವರೆಗೆ ಹೋಗಬೇಕಾಗಿಯೂ ಇಲ್ಲ, ಕೆಂಗೇರಿ ಪಕ್ಕದ ಸೂಲಿಕೆರೆ, ಬಿ.ಎಂ. ಕಾವಲು, ತುರಹಳ್ಳಿಗಳಲ್ಲೂ ಅದರ ವಾಸವಿದೆ. ಅದು ಮನುಷ್ಯರ ಕಣ್ಣು ತಪ್ಪಿಸಿಯೇ ಬದುಕುವ ಪ್ರಾಣಿ. ನಾನು ನಿಜವಾಗಿ ಅಂಜುವುದು ಕರಡಿಗೆ. ಅದು ಇರುಳಿನಲ್ಲಿ, ಮುಂಜಾನೆ, ಮುಸ್ಸಂಜೆಯಲ್ಲಿ ಗೆದ್ದಲು, ಹಣ್ಣು ಹುಡುಕುತ್ತಾ ತಿರುಗುತ್ತದೆ. ತನ್ನ ಪಾಡಿಗೆ ಮೈಮರೆತು ಅಗೆಯುತ್ತಿರುವಾಗ ನಾವು ಸದ್ದಿಲ್ಲದೆ ಹತ್ತಿರ ಹೋದರೆ ಬೆಚ್ಚಿ ಎರಗುತ್ತದೆ. ಸೈಕಲ್ಲಿಗೆ ಸದ್ದಿಲ್ಲ ಎಂಬುದನ್ನು ನೆನಪಿಡಿ.

ಹಾಗಾಗಿ ಕಾಡಿನ ಅಂಚು ಮುಟ್ಟುವಾಗ ಬಿಸಿಲು ಚೆನ್ನಾಗಿ ಬಂದಿರಲಿ. ವಿಜಯನಗರದಿಂದ ಐದೂವರೆಗೆ ಹೊರಟು ಮಾಗಡಿ ರಸ್ತೆಯಲ್ಲಿ ಹೋದರೆ ಸಾವನದುರ್ಗ ತಲುಪುವಾಗ ಎಂಟು ದಾಟಿರುತ್ತದೆ, ಲೆಕ್ಕ ತಾನಾಗಿ ಸರಿಹೋಗುತ್ತದೆ. ಕಾಡಿನೊಳಗೆ ಜೊತೆಯಲ್ಲಿ ಹೋಗಿ, ತಿರುವಿನಲ್ಲಿ ಗಂಟೆ ಬಾರಿಸಿ, ಕಿವಿಗೆ ಏನನ್ನೂ ಸಿಕ್ಕಿಸಿಕೊಳ್ಳಬೇಡಿ. ಡಾಂಬರು ಬಿಟ್ಟು ಕಾಲುದಾರಿಗೆ ಇಳಿಯಬೇಡಿ. ದೂರದಲ್ಲಿ ಪ್ರಾಣಿ ಕಂಡರೆ ನಿಂತು, ಮುಖ ಅತ್ತಲೇ ಇಟ್ಟು, ನಿಧಾನವಾಗಿ ಹಿಂದೆ ಸರಿಯಿರಿ. ಫೋಟೋದ ಆಸೆ ಬೇಡ. ‘ಆನೆ ಬಂದಿದೆ’ ಎಂದು ಊರಿನವರೋ ಅರಣ್ಯ ಸಿಬ್ಬಂದಿಯೋ ಹೇಳಿದರೆ ಮರುಮಾತಿಲ್ಲದೆ ಹಿಂತಿರುಗಿ. 1226 ಮೀಟರ್ ಎತ್ತರದ ಆ ಬಂಡೆ ಮುಂದಿನ ವಾರವೂ ಅಲ್ಲೇ ಇರುತ್ತದೆ.

ದಾರಿಯಲ್ಲಿ ತಿಪ್ಪಗೊಂಡನಹಳ್ಳಿಯ ಸೀಮೆ ಸಿಗುತ್ತದೆ. ಅರ್ಕಾವತಿಗೆ ಶಿವಗಂಗೆಯ ಕಡೆಯ ಕುಮುದ್ವತಿ ಬಂದು ಸೇರುವಲ್ಲಿ 1933ರಲ್ಲಿ ಕಟ್ಟಿ ಮುಗಿಸಿದ ಚಾಮರಾಜಸಾಗರ ಅದು. ಬೆಂಗಳೂರಿಗೆ ದಶಕಗಳ ಕಾಲ ಕುಡಿಯುವ ನೀರು ಬಂದದ್ದು ಅಲ್ಲಿಂದ. ಇದರ ಜಲಾನಯನ ಪ್ರದೇಶದಲ್ಲಿ (ಮಳೆನೀರು ಹರಿದು ಬಂದು ಸೇರುವ ಸುತ್ತಲಿನ ನೆಲ) ಕಟ್ಟಡಗಳಿಗೆ 2003ರಲ್ಲಿ ಸರ್ಕಾರ ನಿರ್ಬಂಧ ಹಾಕಿತು. ಆಮೇಲೆ ಅದು ಸಡಿಲವಾಯಿತು. ಅಲ್ಲಿ ಇನ್ನೂ ಉಳಿದಿರುವ ಹೊಲ, ತೋಪುಗಳ ನಡುವೆ ಹೋಗುವಾಗ ನನಗೆ ಇದು ನೆನಪಾಗುತ್ತದೆ. ಊರಿನ ನೀರಿಗಾಗಿ ಮಾಡಿದ ಕಟ್ಟಳೆ ಸೈಕಲ್ಲಿನವರಿಗೂ ಒಂದಿಷ್ಟು ನೆಮ್ಮದಿಯ ದಾರಿಯನ್ನು ಉಳಿಸಿಕೊಟ್ಟಿದೆ ಎಂದು ನಾನು ನಂಬಿದ್ದೇನೆ.

ಪ್ರಶ್ನೆ: ಮಂಚನಬೆಲೆ ದೂರ. ನಮ್ಮ ಮನೆಯ ಹತ್ತಿರವೇ ವೃಷಭಾವತಿ ಇದೆಯಲ್ಲ, ಅದರ ದಂಡೆಯ ಮೇಲೆ ಸೈಕಲ್ ದಾರಿ ಇಲ್ಲವೇ? ಆ ವಾಸನೆ ಕುಡಿಯುತ್ತಾ ತುಳಿದರೆ ಆರೋಗ್ಯಕ್ಕೆ ತೊಂದರೆಯೇ? (ವಿದ್ಯಾರ್ಥಿನಿ, ಕೆಂಗೇರಿ)

ಉತ್ತರ: ಅದನ್ನು ಮೋರಿ ಅನ್ನದೆ ವೃಷಭಾವತಿ ಎಂದು ಹೆಸರಿಟ್ಟು ಬರೆದಿದ್ದೀರಿ, ಬಹಳ ಸಂತೋಷವಾಯಿತು. ಬಸವನಗುಡಿಯ ದೊಡ್ಡ ಬಸವಣ್ಣನ ಬುಡದಲ್ಲಿ ಹುಟ್ಟುತ್ತದೆಂದು ನಂಬುವ ಹೊಳೆಯಿದು. ಮೈಸೂರು ರಸ್ತೆಯ ಗಾಳಿ ಆಂಜನೇಯನ ಪಕ್ಕದಲ್ಲಿ ಹಾದು, ಕೆಂಗೇರಿ ದಾಟಿ, ಬಿಡದಿ ಬಳಿಯ ಬೈರಮಂಗಲ ಕೆರೆ ತುಂಬಿ, ಕೊನೆಗೆ ಅರ್ಕಾವತಿಯನ್ನೇ ಸೇರುತ್ತದೆ. ಊರಿನ ಕೊಳಚೆಯೂ ಕಾರ್ಖಾನೆಗಳ ನೀರೂ ಸೇರಿ ಅದರಲ್ಲಿ ನೊರೆ ಏಳುತ್ತದೆ.

ನೆಮ್ಮದಿಯಾಗಿ ತುಳಿಯುವಂಥ ದಂಡೆಯ ದಾರಿ ಅಲ್ಲಿಲ್ಲ. ಒಂದೆರಡು ನಿಮಿಷ ಹಾದುಹೋದರೆ ಗಾಬರಿಪಡುವ ಕಾರಣವಿಲ್ಲ. ಆದರೆ ಜೋರಾಗಿ ತುಳಿಯುವಾಗ ಉಸಿರು ಹೆಚ್ಚು ಎಳೆದುಕೊಳ್ಳುತ್ತೇವೆ, ಆದ್ದರಿಂದ ದಿನವೂ ಅದರ ಪಕ್ಕದಲ್ಲೇ ವ್ಯಾಯಾಮ ಬೇಡ. ದಮ್ಮು (ಅಸ್ತಮಾ) ಇದ್ದರೆ ಖಂಡಿತ ಬೇಡ. ನೊರೆಯ ನೀರು ಮೈಗೆ ಸಿಡಿದರೆ ಸೋಪು ಹಾಕಿ ತೊಳೆದುಕೊಳ್ಳಿ, ಸೈಕಲ್ ಚೈನನ್ನೂ ಒರೆಸಿ ಎಣ್ಣೆ ಬಿಡಿ.

ದೂರದ ಚಿಂತೆಗೂ ಒಂದು ಮಾತು. ಏನಾದರೂ ಕೆಟ್ಟು ನಿಂತರೆ ಮೆಟ್ರೋದಲ್ಲಿ ತರೋಣವೆಂದರೆ ಮಡಚುವ ಸೈಕಲ್ಲಿಗೆ ಮಾತ್ರ ಅವಕಾಶ. ನಮ್ಮ ಮಾಮೂಲು ಸೈಕಲ್ಲಿಗೆ ಸರಕು ಆಟೋವೇ ಗತಿ. ಅದಕ್ಕೆಂದು ಐನೂರು ರೂಪಾಯಿ ಸೀಟಿನ ಕೆಳಗಿನ ಚೀಲದಲ್ಲಿ ಮಡಿಸಿಡಿ. ಜೊತೆಗೆ ಒಂದು ಹೊಸ ಟ್ಯೂಬು, ಟೈರು ಬಿಚ್ಚುವ ಎರಡು ಪಟ್ಟಿ, ಸಣ್ಣ ಪಂಪು. ಆಲದ ಮರದ ಆಚೆ ರಸ್ತೆಯ ಅಂಚಿನಲ್ಲಿ ಜಾಲಿಮುಳ್ಳು ಬಹಳ. ಟ್ಯೂಬು ಬದಲಿಸುವುದನ್ನು ಈ ಶನಿವಾರ ಮನೆಯ ಅಂಗಳದಲ್ಲಿ ಎರಡು ಸಲ ಮಾಡಿ ನೋಡಿ. ಹೊಸ ಟ್ಯೂಬು ಹಾಕುವ ಮೊದಲು ಟೈರಿನ ಒಳಗೆ ಬೆರಳಾಡಿಸಿ ಮುಳ್ಳು ತೆಗೆಯುವುದನ್ನು ಮರೆಯಬೇಡಿ.